ಒಲೆ ಅಟ್ಟಕ್ಕೆ ಹಾಕಿದ ಪ್ಯಾನೆಲ್ಲು

ಟಿ.ವಿ., ರೇಡಿಯೋ, ಟೇಪ್‌ರೆಕಾರ್ಡರ್ ಬಿಚ್ಚಿ ಬಿಚ್ಚಿ ಸವೆದ ಕೈ ನನ್ನದು. ಹಲ್ಲಿ ಮೊಟ್ಟೆ, ಇಲಿ ಉಚ್ಚೆ, ಸ್ಪೀಕರಿನೊಳಗೆ ಗೂಡು ಕಟ್ಟಿದ ಕಣಜ, ಎಲ್ಲ ನೋಡಿದ್ದೇನೆ. ಆದರೆ ಆ ಎಲ್‌ಸಿಡಿ ಪ್ಯಾನೆಲ್ಲಿನಷ್ಟು ಹೇಸಿಗೆ ಹುಟ್ಟಿಸಿದ ಸಾಮಾನು ಇನ್ನೊಂದಿಲ್ಲ. ಅದನ್ನು ಬಿಚ್ಚಿದ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ನೆನೆಸಿಕೊಂಡರೆ ಈಗಲೂ ಥೂ ಎನ್ನಿಸುತ್ತದೆ. ಅದಕ್ಕೆ ಒಳಗಿದ್ದ ಜಿರಲೆಗಳು ಮಾತ್ರ ಕಾರಣವಲ್ಲ.

ಎರಡು ಸಾವಿರ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಕೊಪ್ಪದ ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲೇ ನನ್ನ ರಿಪೇರಿ ಅಂಗಡಿ. ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆ ಬೆಲ್ಲ, ಉಪ್ಪು, ಹುಣಸೆಹಣ್ಣಿನಿಂದ ಹಿಡಿದು ಬೀಜದ ಸೌತೆಕಾಯಿಯವರೆಗೆ ಎಲ್ಲವೂ ಅಡಿಗೆಮನೆಯ ಒಲೆಯ ಮೇಲಿನ ಅಟ್ಟ ಸೇರುತ್ತವೆ. ಅಲ್ಲಿ ಹೊಗೆಯ ಕಾವಿಗೆ ಥಂಡಿ ಹಿಡಿಯುವುದಿಲ್ಲ. ರಿಪೇರಿಯಾದ ರೇಡಿಯೋ ಕೊಡುವಾಗ ನಾನೂ ಗಿರಾಕಿಗಳಿಗೆ ಅದನ್ನೇ ಹೇಳುತ್ತಿದ್ದೆ: "ಒಲೆ ಅಟ್ಟಕ್ಕೆ ಹಾಕಿ, ಎಂತದೂ ಆಗದಿಲ್ಲ." ಹಾಗೆ ಹೇಳುವಾಗ ದೊಡ್ಡ ಪಂಡಿತನ ಗತ್ತು ಬೇರೆ.

ದಸರಾ ಕಳೆದ ಮೇಲೆ ಒಂದು ದಿನ ನನ್ನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಂದರು. ಬಸರೀಕಟ್ಟೆ ಕಡೆಯ ಶಾಲೆಯವರು, ನನಗೂ ಪಾಠ ಹೇಳಿದವರು. ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ದಪ್ಪ ಅಟ್ಲಾಸಿನಷ್ಟು ಅಗಲದ ಪ್ಲಾಸ್ಟಿಕ್ ಚೌಕಟ್ಟು, ಅದರ ನಡುವೆ ಗಾಜು. ಕಂಪ್ಯೂಟರಿನ ಚಿತ್ರ ಆ ಗಾಜಿನಲ್ಲಿ ಮೂಡುತ್ತದಂತೆ. ಓಎಚ್‌ಪಿ ಎಂಬ ದೀಪದ ಪೆಟ್ಟಿಗೆಯ ಮೇಲೆ ಅದನ್ನು ಮಲಗಿಸಿದರೆ ಕೆಳಗಿನ ಬೆಳಕು ಗಾಜನ್ನು ತೂರಿ ಹೋಗಿ ಚಿತ್ರ ಗೋಡೆಯ ಮೇಲೆ ಬೀಳುತ್ತದೆ.

ದೂರದ ಪೇಟೆಯ ಯಾವುದೋ ಕಾಲೇಜಿನವರು ಹೊಸದು ತಂದುಕೊಂಡು, ಇದನ್ನೂ ದೀಪದ ಪೆಟ್ಟಿಗೆಯನ್ನೂ ಜೂನ್ ತಿಂಗಳಲ್ಲಿ ಶಾಲೆಗೆ ದಾನ ಮಾಡಿದ್ದರು. ಹಾರ, ಶಾಲು, ಗ್ರೂಪ್ ಫೋಟೋ ಎಲ್ಲ ಆಗಿತ್ತು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ನಿಜ, ಆದರೆ ಹಲ್ಲೇ ಇಲ್ಲದ ಎಮ್ಮೆಗೆ ಯಾಕೆ ಹಾರ? ತಮ್ಮ ಗೋಡೌನ್ ಗುಡಿಸಿ ನಮ್ಮ ಊರಿಗೆ ಸುರಿದು, ಮೇಲಿಂದ ಭಾಷಣ ಮಾಡಿ ಹೋಗುವ ಈ ದೊಡ್ಡ ಮನುಷ್ಯರನ್ನು ಕಂಡರೆ ನನಗೆ ವಾಕರಿಕೆ.

"ಆ ದಿನ ಚೆನ್ನಾಗೇ ನಡೀತು ಮಾರಾಯ, ಗೋಡೆ ತುಂಬ ದಾಸವಾಳದ ಹೂವು ತೋರಿಸಿದ್ರು" ಎಂದರು ಮೇಷ್ಟ್ರು. "ಮಳೆ ಬಿಟ್ಟ ಮೇಲೆ ತೆಗೆದು ನೋಡಿದ್ರೆ ಜೀವವೇ ಇಲ್ಲ. ದಸರಾ ರಜದಲ್ಲಿ ಮಗಳ ಮನೆಗೆ ಶೃಂಗೇರಿಗೆ ಹೋಗಿದ್ದೆ, ಅಲ್ಲೇ ಒಬ್ಬನಿಗೆ ತೋರಿಸಿದೆ. ಕರೆಂಟಿನ ಅಡಾಪ್ಟರ್ ಸತ್ತಿದೆ ಅಂತ ಬೇರೆ ಹಾಕಿಕೊಟ್ಟ. ಆದ್ರೂ ಹೊತ್ತದಿಲ್ಲ."

"ಅರ್ಜೆಂಟ್ ಉಂಟಾ ಸಾರ್?"

"ಈ ತಿಂಗಳ ಕೊನೆಗೆ ನಾನು ರಿಟೈರ್ಡ್" ಎಂದರು. "ಹತ್ತನೇ ಕ್ಲಾಸಿಗೆ ಹೃದಯದ ಪಾಠ ಬಾಕಿ ಇಟ್ಟಿದ್ದೇನೆ. ಹೃದಯ ಬಡಿಯೋ ಚಿತ್ರದ ಸಿ.ಡಿ. ಉಂಟು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದೇ ಆತು, ಒಂದ್ಸಲನಾದ್ರೂ ಬಡಿಯೋದನ್ನ ತೋರಿಸಬೇಕು ಮಾರಾಯ. ಒಂದೇ ಸಲ."

ಅವರ ಹೃದಯದ ಪಾಠ ನನಗೆ ನೆನಪಿತ್ತು. ಕೆಂಪು, ನೀಲಿ ಸೀಮೆಸುಣ್ಣದಲ್ಲಿ ನಾಲ್ಕು ಕೋಣೆ ಬರೆದು, ಪಕ್ಕದಲ್ಲಿ ಎಡಗೈ ಮುಷ್ಟಿ ಹಿಡಿದು ಬಿಚ್ಚಿ, ಹಿಡಿದು ಬಿಚ್ಚಿ, "ಹೀಗೆ, ಹೀಗೆ" ಎನ್ನುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಾವು ಮುಷ್ಟಿ ಆಡಿಸಿ ಅವರನ್ನು ಅಣಕಿಸುತ್ತಿದ್ದೆವು. ನಾನು ಮಾಡಿಕೊಡುತ್ತೇನೆ ಎಂದೆ.

ಮೊದಲು ಅಡಾಪ್ಟರ್ ನೋಡಿದೆ. ಶೃಂಗೇರಿಯ ಆ ಮಹಾಶಯ ನರಸಿಂಹರಾಜಪುರದ ಗುಜರಿಯಿಂದ ಯಾವುದೋ ಆಟದ ಸಾಮಾನಿನ ಅಡಾಪ್ಟರ್ ತಂದು, ಅದರ ಪಿನ್ ಕತ್ತರಿಸಿ ಹಳೇ ಪಿನ್ ಜೋಡಿಸಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಸುತ್ತಿದ್ದ. ಮೀಟರ್ ಹಿಡಿದರೆ ಪ್ಲಸ್ ಇರಬೇಕಾದಲ್ಲಿ ಮೈನಸ್! ಒಂದು ಸಲ ಮೀಟರ್ ಮುಟ್ಟಿಸಿದ್ದರೆ ತಿಳಿಯುತ್ತಿತ್ತು, ಆ ಕರ್ಮವನ್ನೂ ಮಾಡಿರಲಿಲ್ಲ. ತಿರುಗುಮುರುಗು ಕರೆಂಟಿಗೆ ಪ್ಯಾನೆಲ್ಲಿನ ಹಿಂಬದಿಯ ಸಣ್ಣ ಬಿರಡೆಯೊಳಗಿನ ಫ್ಯೂಸ್ ಸುಟ್ಟಿತ್ತು. ಪುಣ್ಯಕ್ಕೆ ಫ್ಯೂಸ್ ಒಂದೇ.

ಮೇಷ್ಟ್ರು ಹಳೇ ಅಡಾಪ್ಟರನ್ನೂ ಗಂಟಿನಲ್ಲಿ ತಂದಿದ್ದರು. ಅದನ್ನು ಮೀಟರಿಗೆ ಹಿಡಿದರೆ ಸರಿಯಾಗಿ ಹನ್ನೆರಡು ವೋಲ್ಟ್. ಹೊಸ ಫ್ಯೂಸ್ ಹಾಕಿ ಅದನ್ನೇ ಚುಚ್ಚಿದೆ. ಪ್ಯಾನೆಲ್ಲಿನ ಹಸಿರು ದೀಪ ಒಮ್ಮೆ ಮಿಣುಕಿ ಆರಿತು. ಭಾರ ಬಿದ್ದಕೂಡಲೇ ಹನ್ನೆರಡು ಹೋಗಿ ಏಳಕ್ಕೆ ಇಳಿಯುತ್ತಿತ್ತು. ಅಡಾಪ್ಟರನ್ನು ಬಿಚ್ಚಿದರೆ ಕೆಪಾಸಿಟರಿನ ತಲೆ ಊದಿ, ಒಳಗಿನ ರಸ ಒಣಗಿ ಕಂದು ಗೋಂದಾಗಿ ಕೂತಿದೆ. ಇಷ್ಟು ಒಣಗಲು ಇದನ್ನು ಎಲ್ಲಿ ಬೇಯಿಸಿದ್ದರು ಎಂದು ಗೊಣಗುತ್ತಾ ಬೇರೆ ಕೆಪಾಸಿಟರ್ ಬೆಸುಗೆ ಹಾಕಿದೆ. ಹಸಿರು ದೀಪ ನಿಂತಿತು.

ಮೇಷ್ಟ್ರು ಎದುರಿನ ಸ್ಟೂಲಿನ ಮೇಲೆ ಕೂತೇ ಇದ್ದರು. ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಗಿರಾಕಿಗಳಿದ್ದರು. ಗಾಜಿನ ಸುತ್ತಲಿನ ಚೌಕಟ್ಟಿನ ಸ್ಕ್ರೂ ತೆಗೆದು ಮುಚ್ಚಳ ಎತ್ತಿದೆ ನೋಡಿ, ಗಪ್ ಎಂದು ವಾಸನೆ ಮುಖಕ್ಕೆ ಹೊಡೆಯಿತು. ಕಮಟು ಎಣ್ಣೆ, ಹೊಗೆ, ಜಿರಲೆ ಹಿಕ್ಕೆ ಮೂರೂ ಕಲಸಿದ ವಾಸನೆ. ಸರ್ಕ್ಯೂಟಿನ ಮೇಲೆಲ್ಲ ಮಸಿ ಜಿಡ್ಡು. ಬೆರಳಿಟ್ಟರೆ ಅಂಟಿಕೊಂಡು ಎಳೆ ಎಳೆಯಾಗಿ ಬರುತ್ತಿತ್ತು. ಜಿಡ್ಡಿನಲ್ಲಿ ಕಾಲು ಸಿಕ್ಕಿ ಸತ್ತ ಜಿರಲೆಗಳು, ಮೂಲೆಯಲ್ಲಿ ಅವುಗಳ ಮೊಟ್ಟೆ ಚೀಲ. ಒಂದು ಚೀಲ ನನ್ನ ಉಗುರಿಗೆ ಸಿಕ್ಕಿ ಪಚಕ್ಕೆಂದಿತು. ಛೀ! ಈ ಮಸಿ ಎಲ್ಲಿಯದೆಂದು ಮಲೆನಾಡಿನಲ್ಲಿ ಹುಟ್ಟಿದವನಿಗೆ ಯಾರೂ ಹೇಳಬೇಕಾಗಿಲ್ಲ.

"ಯಾವ ಕತ್ತೆ ಇದನ್ನ ಒಲೆ ಅಟ್ಟಕ್ಕೆ ಹಾಕಿದ್ದು?" ಎಂದು ಕೂಗಿದೆ. "ಇದೆಂತ ಹಪ್ಪಳವಾ, ಹುಣಸೆಹಣ್ಣಾ? ಕಾವು ತಾಗಿದ್ರೆ ಈ ಗಾಜು ಉಳೀತದಾ? ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಆತು!"

ಅಂಗಡಿಯಲ್ಲಿದ್ದವರು ನಕ್ಕರು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ನಾನೇ ಹಾಕಿದ್ದು ಮಾರಾಯ. ತಪ್ಪಾತು" ಎಂದರು. "ಸರಿ ಆಗ್ತದಾ ನೋಡು."

ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಆದರೆ ಸಿಟ್ಟು ಇಳಿಯಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ ಇಷ್ಟೂ ತಿಳಿಯದೇ ಎಂದು ಆ ರಾತ್ರಿ ಹೆಂಡತಿಯ ಎದುರು ಆಡಿಕೊಂಡದ್ದೂ ಉಂಟು.

ಸ್ಪಿರಿಟ್ಟು, ಹತ್ತಿ, ಹಲ್ಲುಜ್ಜುವ ಬ್ರಷ್ ಹಿಡಿದು ಮೂರು ದಿನ ತಿಕ್ಕಿದೆ. ಸೋಪು ಹಾಕಿ ಎಷ್ಟು ಸಲ ತೊಳೆದರೂ ಬೆರಳಿನ ವಾಸನೆ ಹೋಗಲಿಲ್ಲ. ತುತ್ತು ಬಾಯಿಯ ಹತ್ತಿರ ತಂದರೆ ಜಿರಲೆಯ ನೆನಪು. ಕಡೆಗೆ ಚಮಚದಲ್ಲಿ ಉಂಡೆ.

ಪ್ಯಾನೆಲ್ಲು, ಮೇಷ್ಟ್ರು ಬಸ್ಸಿನಲ್ಲಿ ಕಳಿಸಿಕೊಟ್ಟ ದೀಪದ ಪೆಟ್ಟಿಗೆ ಎರಡನ್ನೂ ಪಕ್ಕದ ಟೈಪಿಂಗ್ ಸೆಂಟರಿನ ಕಂಪ್ಯೂಟರಿನ ಹತ್ತಿರ ಒಯ್ದು ಜೋಡಿಸಿದೆ. ಗೋಡೆಯ ಮೇಲೆ ಚಿತ್ರವೇ ಇಲ್ಲ, ಬರೀ ಓಡುವ ಗೆರೆಗಳು. ಗಾಜಿನ ಸರ್ಕ್ಯೂಟೇ ಹೋಗಿದೆಯೆಂದು ತಿಳಿದು ಮತ್ತೆ ಬಿಚ್ಚಿದೆ. ಎರಡು ದಿನ ಬೆಸುಗೆ ಮೇಲೆ ಬೆಸುಗೆ ಹಾಕಿ ತಲೆ ಕೆಟ್ಟು ಹೋಯಿತು. ತಪ್ಪಿದ್ದದ್ದು ಕಂಪ್ಯೂಟರಿನಲ್ಲಿ. ಅದು ಎಂಟುನೂರು ಚುಕ್ಕೆ ಅಗಲದ ಚಿತ್ರ ಕಳಿಸುತ್ತಿತ್ತು, ಈ ಮುದಿ ಪ್ಯಾನೆಲ್ಲಿಗೆ ದಕ್ಕುವುದು ಆರುನೂರ ನಲವತ್ತೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಆ ಎಳೆಯುವವನು ನಾನೇ. ಕಂಪ್ಯೂಟರಿನಲ್ಲಿ ಅಳತೆ ಇಳಿಸಿದ ಕೂಡಲೇ ಚಿತ್ರ ನಿಂತಿತು.

ನಿಂತ ಚಿತ್ರದ ಮೇಲೆ ಬಿದಿರು ತಟ್ಟಿಯಂತೆ ಉದ್ದುದ್ದ ಗೆರೆಗಳಿದ್ದವು. ಗಾಜಿನ ಅಂಚಿಗೆ ಅಂಟಿಸಿದ ಕೂದಲೆಳೆಯಂಥ ತಂತಿಗಳ ಪಟ್ಟಿಗೆ ಮಸಿ ಕೂತು ಹಿಡಿತ ತಪ್ಪಿತ್ತು. ಉಸಿರು ಬಿಗಿಹಿಡಿದು, ಶಾಲೆ ಮಕ್ಕಳ ರಬ್ಬರಿನಿಂದ ಒಂದೊಂದೇ ಒರೆಸಿ, ಸೈಕಲ್ ಟ್ಯೂಬಿನ ತುಂಡು ಒತ್ತು ಕೊಟ್ಟು ಕೂರಿಸಿದೆ. ಒಂದು ಎಳೆ ಹರಿದರೂ ಮುಗಿದೇ ಹೋಯಿತು. ಕೈ ಕಲ್ಲಿನಂತೆ ನಿಲ್ಲಬೇಕು. ನಿಂತಿತು. ಗೆರೆಗಳು ಒಂದೊಂದಾಗಿ ಮಾಯವಾದವು.

ಹೋಗದೆ ಉಳಿದದ್ದು ಒಂದು ಕಲೆ. ಗಾಜಿನ ನಡುವಿನಿಂದ ಕೊಂಚ ಕೆಳಗೆ, ಅಡಿ ಹತ್ತಿದ ಹಾಲಿನ ಪಾತ್ರೆಯ ತಳದಂತೆ, ಅಂಗೈಯಗಲದ ಕಂದು ಕಲೆ. ಅದು ಕೊಳೆಯಾಗಿದ್ದರೆ ಒರೆಸಬಹುದಿತ್ತು. ತಿಂಗಳುಗಟ್ಟಲೆ ಕಾವು ತಾಗಿ ಗಾಜಿಗೆ ಅಂಟಿಸಿದ ಪೊರೆಯೇ ಬೆಂದು ಹೋಗಿತ್ತು. ಅಂಥ ಪೊರೆ ಶಿವಮೊಗ್ಗದಲ್ಲೂ ಸಿಗಲಿಲ್ಲ. ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ. "ಕಲೆ ಇದ್ದರೆ ಇರಲಿ ಮಾರಾಯ, ಬಡೀತದಲ್ಲ?" ಎಂದರು.

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ತೊಡೆಯ ಮೇಲೆ ಪ್ಯಾನೆಲ್ಲು, ಕಾಲಿನ ಹತ್ತಿರ ದೀಪದ ಪೆಟ್ಟಿಗೆ, ಸ್ಟೆಬಿಲೈಜರ್ ಇಟ್ಟುಕೊಂಡು ಹೋದೆ. ಶಾಲೆ ಇರುವುದು ಕರೆಂಟಿನ ಲೈನಿನ ಕೊನೆಯಲ್ಲಿ, ನೂರ ಎಪ್ಪತ್ತು ವೋಲ್ಟ್ ಬಂದರೆ ಹಬ್ಬ. ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ದೀಪದ ಬಿಸಿಗೆ ಗಾಜು ಕಪ್ಪಾಗದ ಹಾಗೆ ಒಂದು ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಶಾಲೆಯ ಕಂಪ್ಯೂಟರಿಗೆ ಸಿ.ಡಿ. ಹಾಕಿದೆವು.

ಗೋಡೆಯ ಮೇಲೆ ಹೃದಯ ಮೂಡಿತು. ಬಡಿಯಿತು. ಮಕ್ಕಳು "ಹೋ" ಎಂದರು. ಆದರೆ ಗಾಜಿನಲ್ಲಿ ಅಂಗೈಯಗಲ ಇದ್ದ ಕಲೆ ಗೋಡೆಯ ಮೇಲೆ ಮೊರದಗಲವಾಗಿತ್ತು. ರಕ್ತವನ್ನು ಮೈಗೆಲ್ಲ ತಳ್ಳುವ ಎಡಗಡೆಯ ಕೆಳಕೋಣೆಯನ್ನು ಸರಿಯಾಗಿ ಅದೇ ನುಂಗಿತ್ತು. ಚಿತ್ರ ಪರದೆ ತುಂಬ ಬರುತ್ತಿತ್ತು, ಆಚೀಚೆ ಸರಿಸಲು ಆಗುವಂತಿರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ "ಸಾ, ಹೃದಯಕ್ಕೆ ಸಗಣಿ ಮೆತ್ತಿದೆ" ಎಂದರು. ಕ್ಲಾಸೆಲ್ಲ ನಗು. ನನಗೆ ಅಲ್ಲಿ ನಿಲ್ಲಲು ಅಸಹ್ಯವಾಯಿತು. ಇಷ್ಟು ತಿಕ್ಕಿ, ಇಷ್ಟು ಉಪವಾಸ ಬಿದ್ದು, ಕಡೆಗೆ ಮಕ್ಕಳ ಎದುರು ಮೇಷ್ಟ್ರ ಮರ್ಯಾದೆ ತೆಗೆದೆನಲ್ಲ ಎಂದು ಮೈ ಉರಿಯಿತು.

ಮೇಷ್ಟ್ರು ನಗಲೂ ಇಲ್ಲ, ಗದರಲೂ ಇಲ್ಲ. ಗೋಡೆಯ ಹತ್ತಿರ ಹೋಗಿ, ಕಲೆಯ ಮೇಲೆ ಎಡಗೈ ಮುಷ್ಟಿ ಇಟ್ಟರು. ಪಕ್ಕದ ಕೋಣೆಗಳು ಬಡಿಯುವ ಹೊತ್ತು ನೋಡಿಕೊಂಡು ಮುಷ್ಟಿ ಹಿಡಿದು ಬಿಚ್ಚಿ, ಹಿಡಿದು ಬಿಚ್ಚಿ, "ಹೀಗೆ, ಹೀಗೆ" ಎಂದರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಪಾಠ ಮುಗಿದ ಮೇಲೆ ನನ್ನನ್ನು ತೋರಿಸಿ, "ಇದನ್ನ ರಿಪೇರಿ ಮಾಡಿದ್ದು ಇವನು. ಇದೇ ಕ್ಲಾಸಿನಲ್ಲಿ ಕೂತು ನನ್ನನ್ನ ಅಣಕಿಸ್ತಿದ್ದ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಇಬ್ಬರಿಗೂ ಎದುರೆದುರು ಎಲೆ ಹಾಕಿದ್ದರು. ಮೇಷ್ಟ್ರ ಹೆಂಡತಿ ಸಾರು ಬಡಿಸುತ್ತಾ ಕೇಳಿದರು:

"ಎಂತ ತಮ್ಮ, ಆ ಕಲೆ ಕಡೆಗೂ ಹೋಗ್ಲೇ ಇಲ್ವಂತೆ? ನೀನು ಹೇಳಿದ ಹಾಗೇ ಇಟ್ಟಿದ್ವಲ್ಲ ಮಾರಾಯ. ಜೂನಲ್ಲಿ ಇವರು ನಿನ್ನ ಅಂಗಡಿಯಿಂದ ಬಂದವರೇ, ಒಲೆ ಅಟ್ಟಕ್ಕೆ ಹಾಕಿ ಅಂತ ಅವನೇ ಹೇಳಿದ್ದಾನೆ, ಇನ್ನು ಭಯ ಇಲ್ಲ ಅಂದ್ರು. ನನ್ನ ಹಪ್ಪಳದ ಡಬ್ಬ ಎಲ್ಲ ಕೆಳಗಿಳಿಸಿ ಅದಕ್ಕೇ ಜಾಗ ಮಾಡಿದ್ರು. ಹಪ್ಪಳಕ್ಕೆ ಬೂಷ್ಟು ಬಂತು. ಹೋಗ್ಲಿ, ಅದಾದ್ರೂ ಉಳೀತದಲ್ಲ ಅಂತ ಸುಮ್ನಾದೆ."

ಆಗ ನೆನಪಾಯಿತು. ಮಳೆ ಜಡಿಯುತ್ತಿತ್ತು, ನಾನು ತಲೆ ಬಗ್ಗಿಸಿ ಬೆಸುಗೆ ಹಾಕುತ್ತಿದ್ದೆ. ಮೇಷ್ಟ್ರು ಬಾಗಿಲಲ್ಲಿ ಕೊಡೆ ಹಿಡಿದೇ ನಿಂತು, ಶಾಲೆಯ ಬೀರುವಿಗೆ ನೀರು ಸೋರುತ್ತದೆ, ಒಂದು ಎಲೆಕ್ಟ್ರಾನಿಕ್ ಸಾಮಾನು ಬಂದಿದೆ, ಎಲ್ಲಿಡುವುದು ಎಂದು ಕೇಳಿದ್ದರು. ಎಂತ ಸಾಮಾನು ಎಂದು ನಾನು ಕೇಳಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಎಲ್ಲರಿಗೂ ಹೇಳುವುದನ್ನೇ ಹೇಳಿ ಕಳಿಸಿದ್ದೆ. ಗಾಜು ಬೆಂದದ್ದು, ಕೆಪಾಸಿಟರ್ ಒಣಗಿದ್ದು, ಮಸಿ, ಜಿರಲೆ, ಎಲ್ಲ ನನ್ನ ಆ ಒಂದು ಮಾತಿನಿಂದ.

"ಅವತ್ತು ಅಂಗಡಿಯಲ್ಲೇ ಹೇಳಬಹುದಿತ್ತಲ್ಲ ಸಾರ್" ಎಂದೆ.

ಮೇಷ್ಟ್ರು ಎಲೆಯಿಂದ ತಲೆ ಎತ್ತಲಿಲ್ಲ.

"ಹೇಳಿದ್ರೆ ನಿನ್ನ ಕೈ ನಡುಗ್ತಿತ್ತು ಮಾರಾಯ. ಆ ಕೂದಲಿನಂಥ ತಂತಿ ಕೆಲಸ ನಡುಗೋ ಕೈಯಲ್ಲಿ ಆಗ್ತದಾ? ನನಗೆ ಹೃದಯ ಬಡಿಯೋದು ಬೇಕಿತ್ತು, ಬಡೀತು. ಮಜ್ಜಿಗೆ ಹಾಕ್ಕೊ."

ಹಾಕಿಕೊಂಡೆ. ಯಾವ ಕತ್ತೆ ಇದನ್ನು ಅಟ್ಟಕ್ಕೆ ಹಾಕಿದ್ದು ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಕೂಗಿದ್ದೆನಲ್ಲ, ಆ ಕತ್ತೆ ಅವರ ಎದುರಿನ ಎಲೆಯಲ್ಲಿ ಮಜ್ಜಿಗೆ ಅನ್ನ ಕಲಸುತ್ತಿತ್ತು.