ಎಡೆ ಹೊಡೆಯದ ಲೋಕ

ಮೈದಾ ಕುದಿಸಿ ಮಾಡಿದ ಅಂಟಿಗೆ ಬೇವಿನ ಎಲೆಯ ರಸ ಬೆರೆಸಿದರೆ ಒಂದು ವಾಸನೆ ಬರುತ್ತದೆ. ಒಮ್ಮೆ ಮೂಗಿಗೆ ಹತ್ತಿತೆಂದರೆ ಜನ್ಮದಲ್ಲಿ ಮರೆಯುವಂಥದ್ದಲ್ಲ. ಇವತ್ತು ಬೆಳಿಗ್ಗೆ ವನಮಾಲಾಬಾಯಿ ಕಳಿಸಿಕೊಟ್ಟ ಪುಸ್ತಕದ ಮೇಲಿನ ಕಾಗದ ಬಿಚ್ಚಿದ ಕೂಡಲೇ ಅದೇ ವಾಸನೆ. ಪುಸ್ತಕ ನಾನೇ ಬರೆದದ್ದು, ಹೋದ ವರ್ಷ ತಿದ್ದಿ ಮತ್ತೆ ಅಚ್ಚು ಹಾಕಿಸಿದ್ದು. ಈಗ ನನ್ನೆದುರು ಮೇಜಿನ ಮೇಲಿದೆ. ಅದರ ಕೊನೆಯ ಹಾಳೆಯಲ್ಲಿ ಒಬ್ಬರು ಏನೋ ಬರೆದಿದ್ದಾರಂತೆ. ತೆರೆದು ನೋಡುವ ಧೈರ್ಯ ಸಾಲದೆ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ. ಒಳಗೆ ನನ್ನ ಹೆಂಡತಿ ಚಹಾಕ್ಕೆ ಇಟ್ಟಿದ್ದಾಳೆ, ಅವಸರ ಮಾಡಬೇಡಿ.

ವನಮಾಲಾಬಾಯಿ ಯಾರೆಂದು ಹೇಳಿಬಿಡುತ್ತೇನೆ. ಮುದ್ದೇಬಿಹಾಳದಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆಯ ವಾಚನಾಲಯವೊಂದಿದೆ. ಸಾಲಿ ನೌಕರಿಯಿಂದ ನಿವೃತ್ತರಾದ ಮೇಲೆ ತಮ್ಮ ಸ್ವಂತ ಪುಸ್ತಕಗಳನ್ನೆಲ್ಲ ತಂದು ಸುರಿದು ಅವರೇ ನಡೆಸುತ್ತಿದ್ದಾರೆ. ಅಲ್ಲಿ ಒಂದು ಕಾನೂನುಂಟು. ಪ್ರತಿ ಪುಸ್ತಕದ ಕೊನೆಗೆ ಆ ಬೇವಿನ ಅಂಟಿನಿಂದ ಗೆರೆ ಹಾಕಿದ ಒಂದು ಹಾಳೆ ಅಂಟಿಸಿರುತ್ತಾರೆ. ಪುಸ್ತಕ ಮರಳಿಸುವವರು ಅದರ ಮೇಲೆ ಎರಡು ಸಾಲು ಅಭಿಪ್ರಾಯ ಬರೆಯಲೇಬೇಕು, ಇಲ್ಲದಿದ್ದರೆ ಇನ್ನೊಂದು ಪುಸ್ತಕ ಸಿಗುವುದಿಲ್ಲ. ಯಾರಾದರೂ ತಕರಾರು ತೆಗೆದರೆ, "ಓದೀರಿ ಅಂತ ನಾ ಹ್ಯಾಂಗ ನಂಬಬೇಕು? ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತದೇನು?" ಎನ್ನುತ್ತಾರೆ. ಹೆಸರು ಬರೆಯುವುದು ಮಾತ್ರ ಕಡ್ಡಾಯವಲ್ಲ. ಹೀಗಾಗಿ ಜನ ಬಾಯಿಬಿಟ್ಟು ಬರೆಯುತ್ತಾರೆ. ಊರಿನ ಅರ್ಧ ಮಂದಿ ಪುಸ್ತಕವನ್ನು ಹಿಂದಿನಿಂದಲೇ ತೆರೆಯುವುದು.

ಇನ್ನು ನಾನು. ಮೊದಲು ಬಸವನ ಬಾಗೇವಾಡಿಯಲ್ಲಿ, ಆಮೇಲೆ ಮುದ್ದೇಬಿಹಾಳದಲ್ಲಿ ವಿಜ್ಞಾನದ ಮಾಸ್ತರ. ಅಂಕ ಕೊಡುವುದರಲ್ಲಿ ಮಹಾ ಜುಗ್ಗ. ನನ್ನ ಕೈಯಲ್ಲಿ ಮೂವತ್ತೈದು ತೆಗೆದುಕೊಂಡು ಪಾಸಾದವರು ಇನ್ನೆಲ್ಲಿ ಹೋದರೂ ಗೆದ್ದು ಬರುತ್ತಾರೆ ಎಂಬ ಮಾತಿತ್ತು. ಆ ಮಾತನ್ನು ನಾನೇ ಹಬ್ಬಿಸಿದ್ದೆ ಎಂದು ಕೆಲವರು ಆಡಿಕೊಳ್ಳುತ್ತಾರೆ, ಇರಲಿ. ಇಂಥ ನಾನು 'ಗಾಲಿ ಲೋಕ' ಎಂಬ ವೈಜ್ಞಾನಿಕ ಕಾದಂಬರಿ ಬರೆದೆ. ಭೂಮಿಗೂ ಚಂದ್ರನಿಗೂ ನಡುವೆ ಬಂಡಿಯ ಗಾಲಿಯ ಹಾಗೆ ತಿರುಗುವ ಒಂದು ಲೋಕ. ಮನುಷ್ಯರೇ ಕಟ್ಟಿದ್ದು. ಊರಿನ ಅಭಿಮಾನ ಬಿಟ್ಟೀತೇ, ಅದರೊಳಗೆ ಹಾಸಲು ನಮ್ಮ ಕಡೆಯ ಕಪ್ಪು ಎರೆ ಮಣ್ಣನ್ನೇ ಒಯ್ಯಿಸಿದ್ದೆ. ಆ ಪುಸ್ತಕಕ್ಕೆ ಸಿಂದಗಿಯಲ್ಲಿ ಒಂದು ಶಾಲು, ಇಂಡಿ ಊರಿನಲ್ಲಿ ಒಂದು ಶಾಲು ಮತ್ತು ಒಂದು ಬುಟ್ಟಿ ನಿಂಬೆಹಣ್ಣು ಬಂದವು. ಶಾಲು ಹೊದ್ದ ಮನುಷ್ಯ ಸುಮ್ಮನೆ ಕೂರುತ್ತಾನೆಯೇ? ಎರಡನೆಯ ಭಾಗ ಬರೆದೆ. 'ಗಾಲಿ ಲೋಕದ ಮಕ್ಕಳು'.

ಕಥೆ ಚುಟುಕಾಗಿ ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಗಾಲಿ ಲೋಕದಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾಗಿ ಬಿಳಿಜೋಳ ಬಿತ್ತುತ್ತಾರೆ. ನಮ್ಮ ಹಿಂಗಾರಿಯ ಹಾಗೆಯೇ ಮಣ್ಣಿಗೆ ಒಮ್ಮೆ ಹೊಟ್ಟೆ ತುಂಬ ನೀರುಣಿಸಿ ಬಿತ್ತಿದರೆ ಮುಗಿಯಿತು, ಮತ್ತೆ ನೀರಿಲ್ಲ. ಕಸದ, ಅಂದರೆ ಕಳೆಯ, ಬೀಜ ಒಳಗೆ ಬರದ ಹಾಗೆ ಬಾಗಿಲಲ್ಲೇ ತಡೆದದ್ದರಿಂದ ಹೊಲದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಇದು ನನ್ನ ದೊಡ್ಡ ಹೆಮ್ಮೆ. ಇಷ್ಟಾದರೂ ಮೂರನೆಯ ವರ್ಷ ಬೆಳೆಯೆಲ್ಲ ಒಣಗುತ್ತದೆ. ಯಾಕೆ? ನಾಯಕ ಮೊದಲ ದಿನವೇ ಕಂಪ್ಯೂಟರಿನ ಮೇಲೆ ಸಂಶಯಪಟ್ಟು, ನೂರಾ ಅರವತ್ತು ಪುಟ ಹುಡುಕಾಡಿ, ಅದನ್ನು ಕೆಡಿಸಿಟ್ಟ ದ್ರೋಹಿಯನ್ನು ಹಿಡಿಯುತ್ತಾನೆ. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಳ್ಳಲು ಕೈ ಎಟುಕಲಿಲ್ಲ ಅಷ್ಟೇ.

ಪುಸ್ತಕ ವಾಚನಾಲಯಕ್ಕೆ ಹೋಯಿತು. ನಾನು ಪೇಪರ್ ಓದುವ ನೆಪದಲ್ಲಿ ದಿನಾ ಸಂಜೆ ಮಾಳಿಗೆ ಹತ್ತತೊಡಗಿದೆ. ಹಾಳೆ ನಿಧಾನವಾಗಿ ತುಂಬುತ್ತಿತ್ತು. ಒಬ್ಬ ಕಾಲೇಜು ಹುಡುಗಿ, "ಮೊದಲನೇ ಭಾಗ ನಾನು ಓದಿಲ್ಲ, ಆದರೂ ಅದು ಇದಕ್ಕಿಂತ ಚಲೋ ಇತ್ತು" ಎಂದು ಬರೆದಿದ್ದಳು. ಎರಡನೇ ಭಾಗ ಬರೆದವರ ಹಣೆಬರಹವೇ ಇಷ್ಟು ನೋಡಿ. ಸಿಂದಗಿ ಬಸ್ಸಿನ ಕಂಡಕ್ಟರ್ ಒಬ್ಬರು, "ಇಷ್ಟು ದೊಡ್ಡ ಲೋಕದಾಗ ಒಂದು ಬಸ್ ಸ್ಟ್ಯಾಂಡ್ ಇಲ್ಲ. ಮಂದಿ ಎಲ್ಲಿ ಕುಂತು ಮಾತಾಡತಾರ?" ಎಂದು ಕೇಳಿದ್ದರು. ಇಂಡಿಯ ನಿಂಬೆ ತೋಟದವರೊಬ್ಬರ ಪ್ರಶ್ನೆ: "ಪುಟ ಇಪ್ಪತ್ತರಾಗ ನಿಂಬಿಕಾಯಿ ಅದಾವು. ಜೇನ್ನೊಣ ಎಲ್ಲಿಂದ ಬಂದ್ವು?" ಇಬ್ಬರು ಮೂವರು ಹೊಗಳಿಯೂ ಇದ್ದರು, ಅವರ ಅಕ್ಷರ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಇವೆಲ್ಲವುಗಳ ಕೆಳಗೆ, ದಪ್ಪ ದಪ್ಪ ಅಕ್ಷರದಲ್ಲಿ, ಒಂದೊಂದು ಗುಣಿತಾಕ್ಷರಕ್ಕೂ ಒದ್ದಾಡಿ ಬರೆದಂತೆ, ಹೆಸರಿಲ್ಲದ ನಾಲ್ಕು ಸಾಲು.

"ನಲವತ್ತೆರಡನೇ ಪುಟಕ್ಕ ಗೊತ್ತಾತು. ಕಂಪ್ಯೂಟರ್ ತಪ್ಪಲ್ಲ. ಎಡಿ ಹೊಡದಿಲ್ಲ, ಅದಕ್ಕ ಬೆಳಿ ಒಣಗೇತಿ. ಮುಂದ ಓದಲಿಲ್ಲ."

ಮೈಯೆಲ್ಲ ಉರಿದುಹೋಯಿತು. ಎಡೆ ಹೊಡೆಯುವುದೆಂದರೆ ಬೆಳೆಯ ಸಾಲುಗಳ ನಡುವೆ ಎತ್ತು ಹೂಡಿ ಕುಂಟೆ ಎಳೆಯುವುದು. ಕಸ ತೆಗೆಯಲು ಹಾಗೆ ಮಾಡುತ್ತಾರೆಂದು ಯಾರಿಗೆ ಗೊತ್ತಿಲ್ಲ? ಕಸವೇ ಇಲ್ಲದ ಲೋಕದಲ್ಲಿ ಎಡೆ ಎಂಥದು? ಪುಸ್ತಕವನ್ನೇ ನೆಟ್ಟಗೆ ಓದದವರು ಅಭಿಪ್ರಾಯ ಬರೆಯುತ್ತಾರಲ್ಲ ಎಂದುಕೊಂಡೆ. ಜೇಬಿನಿಂದ ಪೆನ್ನು ತೆಗೆದು ಅದರ ಕೆಳಗೆ, "ಈ ಕಾದಂಬರಿಯ ವೈಜ್ಞಾನಿಕ ಖಚಿತತೆ ಪ್ರಶ್ನಾತೀತ. ಲೇಖಕರು ಅಭಿನಂದನಾರ್ಹರು. ಇಂತಿ, ಇಂಡಿಯ ಓದುಗ" ಎಂದು ಬರೆದೆ. ಹೌದು, ನನ್ನ ಪುಸ್ತಕಕ್ಕೆ ನಾನೇ. ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ.

ಜೇಬಿನಲ್ಲಿದ್ದದ್ದು ಕೆಂಪು ಪೆನ್ನು. ಇಪ್ಪತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು. ನನ್ನ ಅರಿವಿಲ್ಲದೆಯೇ ಹೊಗಳಿದವರ ಸಾಲುಗಳ ಪಕ್ಕದಲ್ಲೆಲ್ಲ ಒಂದೊಂದು ರೈಟ್ ಹಾಕಿತ್ತು. ಆ ನಾಲ್ಕು ಸಾಲಿನ ಮೇಲೆ ಮೂಲೆಯಿಂದ ಮೂಲೆಗೆ ದೊಡ್ಡದಾಗಿ ತಪ್ಪಿನ ಗುರುತು ಎಳೆದಿತ್ತು. ಅಭಿಮಾನದಿಂದ ಮಾಳಿಗೆ ಇಳಿದು ಮನೆಗೆ ಬಂದು ಗಡದ್ದಾಗಿ ಊಟ ಮಾಡಿದೆ.

ಎರಡು ವಾರದ ನಂತರ ವನಮಾಲಾಬಾಯಿ ಆ ಹಾಳೆಯನ್ನು ನನ್ನ ಮುಂದೆ ಬಿಚ್ಚಿ ಹಿಡಿದರು.

"ಇಂಡಿಯ ಓದುಗರು ಮುದ್ದೇಬಿಹಾಳದ ಕೆಂಪು ಪೆನ್ನು ಯಾವಾಗ ಒಯ್ದರ್ರೀ ಸರ?"

ನಾನು ಕನ್ನಡಕ ಒರೆಸಿಕೊಳ್ಳತೊಡಗಿದೆ.

"ನಿಮ್ಮನ್ನ ನೀವು ಹೊಗಳಿಕೊಂಡ್ರಿ, ಹೋಗಲಿ. ನನಗೂ ನಗು ಬಂತು. ಆದರ ಈ ತಪ್ಪು ಯಾಕ ಹಾಕಿದ್ರಿ? ಇದನ್ನ ಬರದಾಕಿ ಹುಸೇನಬಿ, ಹೊಲದಾಗ ಒಕ್ಕಲತನ ಮಾಡಾಕಿ. ನಾಕನೇ ಕ್ಲಾಸಿಗೇ ಸಾಲಿ ಬಿಡಿಸಿದ್ರು ಆಕೀನ್ನ. ಸಂತಿಗೆ ಬಂದಾಗೊಮ್ಮೆ ಇಲ್ಲೆ ಕೂತು ಕೂಡಿಸಿ ಕೂಡಿಸಿ ಓದ್ತಾಳ. ಬರಿ ಅಂದ್ರ ಒಲ್ಲೆ ಅಂತಿದ್ಲು, ಆಕೀಗೊಬ್ಬಾಕೀಗೆ ನಾನೂ ನನ್ನ ಕಾನೂನು ಬಿಟ್ಟಿದ್ದೆ. ಸಾಲಿ ಬಿಟ್ಟ ಮ್ಯಾಲ ಆಕಿ ತಾನಾಗೇ ಪೆನ್ನು ಹಿಡಿದದ್ದು ಇದೇ ಮೊದಲು. ಹೋದ ಸಂತಿಗೆ ಬಂದು ಈ ತಪ್ಪು ನೋಡಿದ್ಲು. ಪುಸ್ತಕ ಇಟ್ಟು ಹೋದ್ಲು. ಈ ಸಂತಿಗೆ ಬರಲಿಲ್ಲ."

ಏನು ಹೇಳಲಿ ನಿಮಗೆ? ನಾಚಿಕೆಯಾಯಿತು. ಶಾಲಿನ ಕೆಳಗೆ, ಅಂಗಿಯ ಕೆಳಗೆ, ಎದೆಯೊಳಗೆ ಎಲ್ಲಿಗೋ ಹೋಗಿ ಚುಚ್ಚಿತು. ಸಾವಿರಾರು ಮಕ್ಕಳ ಕೈಗೆ ಪೆನ್ನು ಹಿಡಿಸಿದೆ ಎಂದು ಭಾಷಣ ಮಾಡಿದವನು ಒಬ್ಬ ಹೆಣ್ಣುಮಗಳ ಕೈಯಿಂದ ಅದನ್ನು ಕಸಿದುಕೊಂಡಿದ್ದೆ. ಹುಸೇನಬಿ ಮತ್ತೆ ಬರೆಯದಿದ್ದರೆ ನನ್ನ ಮಾಸ್ತರಿಕೆಗೆ ಬೆಲೆಯಿಲ್ಲ ಅನ್ನಿಸಿತು. ಮರುದಿನವೇ ಮೋಟಾರ್ ಸೈಕಲ್ ಹತ್ತಿ ಅವರ ಹೊಲ ಹುಡುಕಿಕೊಂಡು ಹೋದೆ.

ಆಗ ಚಳಿಗಾಲ, ಜೋಳ ಎದೆಮಟ್ಟ ನಿಂತಿತ್ತು. ನನ್ನಪ್ಪ ತಹಶೀಲ್ದಾರ ಕಚೇರಿಯಲ್ಲಿ ಕಾರಕೂನರು. ಹೊಲವನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಬದುವಿನ ಮೇಲೆ ಕುಳಿತು ರೊಟ್ಟಿ ಬಿಚ್ಚುತ್ತಿದ್ದ ಅರವತ್ತರ ಹೆಂಗಸು, ಪುಸ್ತಕದ ಹಿಂದಿನ ಚಿತ್ರದಿಂದ ನನ್ನ ಮುಖ ಗುರುತಿಸಿ, "ಬರ್ರಿ ಮಾಸ್ತರ, ಕೂಡ್ರಿ" ಎಂದರು. ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ಅಕ್ಕಾರ, ಆ ಹಾಳಿ ಮ್ಯಾಲೆ..." ಎಂದು ಶುರು ಮಾಡಿದೆ.

"ಅದಿರ್ಲಿ. ಮೊದಲು ರೊಟ್ಟಿ ತಿನ್ರಿ."

ಶೇಂಗಾ ಚಟ್ನಿ, ಕೆನೆ ಮೊಸರು, ಹಸಿ ಈರುಳ್ಳಿ. ತಪ್ಪಿತಸ್ಥನಾಗಿ ಹೋದವನು ಎರಡು ರೊಟ್ಟಿ ತಿಂದೆ, ಮೂರನೆಯದನ್ನು ಬೇಡವೆನ್ನುವ ಗಟ್ಟಿತನವೂ ಬರಲಿಲ್ಲ. ಆಮೇಲೆ ಅವರು ನನ್ನನ್ನು ಬದುವಿನ ಆಚೆ, ಪಕ್ಕದವರ ಹೊಲಕ್ಕೆ ಕರೆದುಕೊಂಡು ಹೋದರು. ಅದೇ ಮಣ್ಣು, ಅದೇ ಮಳೆಗೆ ಬಿತ್ತಿದ ಅದೇ ಜೋಳ. ಆದರೆ ಎಲೆಗಳು ಸುರುಳಿ ಸುತ್ತಿಕೊಂಡಿದ್ದವು. ಸಾಲುಗಳ ನಡುವೆ ನೆಲ ಬಾಯಿಬಿಟ್ಟಿತ್ತು.

"ಕೈ ಹಾಕ್ರಿ" ಎಂದರು.

ಮೊಣಕಾಲೂರಿ ಬಿರುಕಿನೊಳಗೆ ಕೈ ಇಳಿಸಿದೆ. ಮೊಣಕೈ ದಾಟಿತು, ತೋಳು ಹೋಯಿತು, ತಳ ಸಿಗಲಿಲ್ಲ. ಹೊರಗೆಳೆಯುವಾಗ ಗಡಿಯಾರ ಸಿಕ್ಕಿಕೊಂಡಿತು. ಶಾಲು ಹೊದಿಸಿಕೊಂಡ ಕಾದಂಬರಿಕಾರ ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿ ಕೈ ಜಗ್ಗುತ್ತಿದ್ದರೆ ಹುಸೇನಬಿ ಸೆರಗು ಬಾಯಿಗಿಟ್ಟು ನಕ್ಕರು.

"ನೋಡ್ರಿ, ಇವರ ಎತ್ತಿಗೆ ಕಾಲು ನೋವಾಗಿ ಎಡಿ ತಪ್ಪೇತಿ. ಕಸ ಎಲ್ಲೈತಿ ಇಲ್ಲಿ? ಒಂದು ಕಡ್ಡಿ ತೋರಸ್ರಿ. ಎಡಿ ಬರೇ ಕಸಕ್ಕಲ್ರಿ ಮಾಸ್ತರ, ಈ ಬಿರುಕು ಮುಚ್ಚಾಕ. ಮ್ಯಾಲಿಂದ ಇನ್ನ ನೀರು ಬರಂಗಿಲ್ಲ. ಕೆಳಗ ಇದ್ದದ್ದು ಹಾರಿ ಹೋಗಬಾರದು. ನೀವು ನಮ್ಮ ಎರಿ ಮಣ್ಣು ಒಯ್ದೀರಿ, ಅದರ ಗುಣ ಇಲ್ಲೇ ಬಿಟ್ಟು ಹೋಗೀರಿ."

ಕೈ ಹೊರಬಂತು. ಗಡಿಯಾರದ ಗಾಜು ಹೋಗಿತ್ತು. ನೂರಾ ಅರವತ್ತು ಪುಟಗಳ ನನ್ನ ದ್ರೋಹಿಯೂ ಅಲ್ಲಿಯೇ ಮಣ್ಣುಪಾಲಾದ.

"ತಪ್ಪು ನಂದು ಅಕ್ಕಾರ. ನಿಮ್ಮ ಮಾತು ಖರೇ. ಮತ್ತ ಬರೀರಿ, ವಾಚನಾಲಯಕ್ಕ ಬರ್ರಿ" ಎಂದು ಕೈಮುಗಿದೆ.

ಅವರು ಬುತ್ತಿಯ ಗಂಟು ಕಟ್ಟುತ್ತಾ, "ಇಲ್ಲಿ ಹೊಲದಾಗ ಹೇಳಿದ್ರ ಏನು ಬಂತ್ರಿ? ಹಾಳಿ ಮ್ಯಾಲಿನ ತಪ್ಪು ಹಾಳಿ ಮ್ಯಾಲೇ ತಿದ್ದಬೇಕು. ನೀವು ತಿದ್ರಿ. ಆಮ್ಯಾಲ ನಾ ನೋಡತೇನಿ" ಎಂದರು.

ಕಥೆಯನ್ನೇ ತಿದ್ದುವುದೆಂದರೆ ಸಣ್ಣ ಕೆಲಸವೇ? ದ್ರೋಹಿಯನ್ನು ತೆಗೆದರೆ ಅರ್ಧ ಪುಸ್ತಕವೇ ಹೋಗುತ್ತದೆ. ಹೋಗಲಿ ಎಂದೆ. ಮೂರು ವರ್ಷ ಕುಳಿತು ಹೊಸದಾಗಿ ಬರೆದೆ. ಈಗ ನನ್ನ ನಾಯಕ ಹಿಡಿಯುವುದು ದ್ರೋಹಿಯನ್ನಲ್ಲ, ಕುಂಟೆಯನ್ನು. ಗಾಲಿ ಲೋಕದಲ್ಲಿ ಯಾರೂ ಕಂಡರಿಯದ ಆ ಹತ್ಯಾರವನ್ನು ಒಬ್ಬ ಮುದುಕಿ ನೆನಪಿನಿಂದ ಬಿಡಿಸಿ ತೋರಿಸುತ್ತಾಳೆ. ಸುಳ್ಳು ವಿನಯ ಬೇಡ, ಆ ಅಧ್ಯಾಯ ಚೆನ್ನಾಗಿದೆ, ನಾನು ಬರೆದುದರಲ್ಲೆಲ್ಲ ಅದೇ ಚೆನ್ನಾಗಿದೆ. ಮುನ್ನುಡಿಯಲ್ಲಿ ಕೆಂಪು ಪೆನ್ನಿನ ಕಥೆಯನ್ನೂ ಒಪ್ಪಿಕೊಂಡಿದ್ದೇನೆ. ಹೊಸ ಪ್ರತಿ ವಾಚನಾಲಯಕ್ಕೆ ಹೋಯಿತು, ವನಮಾಲಾಬಾಯಿ ಹೊಸ ಹಾಳೆ ಅಂಟಿಸಿದರು. ಹುಸೇನಬಿ ಸಂತೆಗೆ ಬಂದಾಗ ಒಯ್ದರಂತೆ. ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಮಾಳಿಗೆ ಹತ್ತುವುದನ್ನೇ ಬಿಟ್ಟೆ. ನಿನ್ನೆ ಫೋನು ಬಂತು: "ಬರದಾಳ್ರೀ ಸರ. ನಾ ಏನೂ ಹೇಳಂಗಿಲ್ಲ, ಪುಸ್ತಕನ ಕಳಸ್ತೇನಿ."

ಚಹಾ ಬಂತು, ಕುಡಿದೂ ಆಯಿತು. ಇನ್ನು ನೆಪವಿಲ್ಲ. ತೆರೆಯುತ್ತೇನೆ.

ಅವೇ ದಪ್ಪ ಅಕ್ಷರಗಳು, ಆದರೆ ಈ ಸಲ ಒದ್ದಾಟವಿಲ್ಲ. ಬರೆದದ್ದು ಕೆಂಪು ಪೆನ್ನಿನಲ್ಲಿ. "ಪೂರಾ ಓದೇನಿ. ಎಡಿ ಹೊಡದಾರ. ಬೆಳಿ ನಿಂತೈತಿ. ಜೇನ್ನೊಣ ಎಲ್ಲಿಂದ ಬಂದ್ವು ಇನ್ನೂ ಹೇಳಿಲ್ಲ. ನೂರಕ್ಕ ಮೂವತ್ತೈದು. ಪಾಸ್." ಪಕ್ಕದಲ್ಲಿ ಒಂದು ದೊಡ್ಡ ರೈಟ್. ಕೆಳಗೆ, ಹಾಳೆಯ ಅಗಲಕ್ಕೂ ಹಬ್ಬಿದ ಹೆಸರು: ಹುಸೇನಬಿ.

ಓದಿದೆ, ಮತ್ತೊಮ್ಮೆ ಓದಿದೆ, ಕಣ್ಣು ಮಂಜಾಯಿತು. ಕುರ್ಚಿಯಿಂದ ಎದ್ದು ಮನೆಯೆಲ್ಲ ಕೇಳುವ ಹಾಗೆ ಕೂಗಿದೆ.

"ಏ, ನಾ ಪಾಸಾದ್ನೇ!"

"ಈ ವಯಸ್ಸಿನಾಗ ಯಾವ್ದರಾಗ್ರಿ?" ಎಂದಳು ಹೆಂಡತಿ ಒಳಗಿನಿಂದ.

"ಒಕ್ಕಲತನದಾಗ!"