ದೇವರ ಕುರಿಯ ಹಾಲು

ನಾರಾಯಣಪೇಟೆ ಕಡೆಯ ಮದ್ದೂರಿನ ಹತ್ತಿರದ ಕುರುಬರ ಮನೆ ನನ್ನ ತವರು. ಹಿಂಡಿನಲ್ಲಿ ಒಂದು ಹೆಣ್ಣು ಕುರಿಯನ್ನು ಬೀರಪ್ಪ ದೇವರ ಹೆಸರಿಗೆ ಬಿಡುವುದು ನಮ್ಮಲ್ಲಿ ರೂಢಿ. ಅದನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಅದರ ಹಾಲು ಬಾಣಂತಿಗೆ, ಎಳೆಗೂಸಿಗೆ ಮಾತ್ರ. ನನ್ನ ಮೊಂಡುತನಕ್ಕೆ ಆ ಹಾಲೇ ಕಾರಣ ಎಂದು ಅಣ್ಣ ಛೇಡಿಸುತ್ತಿದ್ದ.

ದೇವರ ಕುರಿಗೆ ಒಂದು ಹೇನೂ ಹತ್ತಬಾರದು ಎಂಬುದು ಅವ್ವನ ಹಟ. ಗದ್ವಾಲದಿಂದ ತಂದ ಬಿಳಿ ಡಿಡಿಟಿ ಪುಡಿಯನ್ನು ಹಳೆ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ, ಅದರ ಬೆನ್ನಿಗೆ, ಕೆಚ್ಚಲಿನ ಸುತ್ತ ತಟ್ಟುತ್ತಿದ್ದಳು. ಉಳಿದ ಕುರಿಗಳಿಗೆ ವರ್ಷಕ್ಕೊಮ್ಮೆಯಾದರೆ ಇದಕ್ಕೆ ಅಮಾವಾಸ್ಯೆಗೊಮ್ಮೆ. ಪುಡಿ ಹಾರಿ ಅವ್ವ, ನಾನು ಇಬ್ಬರೂ ಸೀನಿ ಸೀನಿ ನಗುತ್ತಿದ್ದೆವು. ಈಗ ಆ ಪುಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಅವ್ವನ ಅಟ್ಟದ ಡಬ್ಬಿಯಲ್ಲಿ ಮಾತ್ರ ಇನ್ನೂ ಇತ್ತು; ತಟ್ಟುವುದನ್ನು ಅವಳು ಬಿಟ್ಟಿರಲಿಲ್ಲ.

ಹೋದ ವರ್ಷ ಬಾಣಂತನಕ್ಕೆ ಬಂದಿದ್ದೆ. ಮಗಳಿಗೆ ಸೂಜಿ ಹಾಕಿಸಲು ನಾರಾಯಣಪೇಟೆಯ ಆಸ್ಪತ್ರೆಗೆ ಹೋದಾಗ ನರ್ಸಮ್ಮನಿಗೆ ದೇವರ ಕುರಿಯ ವಿಷಯ ಹೆಮ್ಮೆಯಿಂದ ಹೇಳಿದೆ. ಪುಡಿಯ ಮಾತೂ ಬಂತು. ಆಕೆಯ ಮುಖ ಸಣ್ಣದಾಯಿತು. ಅದು ಬೇಗ ಕರಗಿ ಹೋಗುವ ವಿಷವಲ್ಲ, ಮಣ್ಣಿನಲ್ಲಿ, ಹುಲ್ಲಿನಲ್ಲಿ ಉಳಿದು ಕುರಿಯ ಕೊಬ್ಬು ಸೇರುತ್ತದೆ, ಹಾಲಿಗಿಳಿದು ಕುಡಿದವರ ಮೈಯಲ್ಲಿ ವರ್ಷಗಟ್ಟಲೆ ಕೂರುತ್ತದೆ ಎಂದರು. ತಾಯಿಯ ಹಾಲಿಗೂ ಅಷ್ಟಿಷ್ಟು ಬರುತ್ತದಂತೆ. ಆದರೂ ಎದೆಹಾಲು ಬಿಡಿಸಬೇಡ, ಕುರಿಯ ಹಾಲು ಬಿಡು ಎಂದರು.

ಬಸ್ಸಿನಲ್ಲಿ ಅವ್ವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಪಾಪ, ಅವಳಿಗೇನು ಗೊತ್ತು ಎಂದುಕೊಂಡೆ. ಸಿಟ್ಟು ಇಳಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಕುರಿಗೇ ಎಲ್ಲಕ್ಕಿಂತ ಹೆಚ್ಚು ವಿಷ ತಟ್ಟಿದ್ದಳಲ್ಲ!

ಮನೆಯಲ್ಲಿ ಅವ್ವ ಹಾಲು ಕಾಸಿಟ್ಟುಕೊಂಡು ಕಾಯುತ್ತಿದ್ದಳು. ನಾನು ಲೋಟ ಮುಟ್ಟಲಿಲ್ಲ.

"ಯಾಕವ್ವಾ, ದೇವರ ಹಾಲಿಗೆ ಒಲ್ಲೆ ಅಂತಾರೇನು?" ಎಂದಳು ಅವ್ವ.

ಪುಡಿಯ ವಿಷ ಕುರಿಯ ಹಾಲಿಗಿಳಿದು ಕುಡಿದವರ ಮೈಯಲ್ಲಿ ಉಳಿಯುತ್ತದಂತೆ ಎಂದು ಹೇಳಿದೆ. ಅವ್ವ ಒಲೆಯ ಮುಂದೆ ಕೂತಳು.

"ಹಂಗಾರ ನಿನಗೂ ನಾನೇ ಕುಡಿಸೀನಲ್ಲ," ಎಂದಳು. ಹಾಲಿನ ಲೋಟವನ್ನು ದೂರ ಸರಿಸಿ, "ಈಗ ನಿನ್ನ ಎದಿ ಹಾಲಿನಾಗೂ ಐತೇನು?"

ಸುಳ್ಳು ಹೇಳಬಹುದಿತ್ತು. "ಇರ್ತೈತಿ ಅವ್ವಾ. ಆದ್ರ ಬಿಡಿಸಬ್ಯಾಡ ಅಂದಾರ."

ಅಷ್ಟರಲ್ಲಿ ಮಗಳು ಎದ್ದು ಅತ್ತಳು. ಅವ್ವ ತೊಟ್ಟಿಲಿನಿಂದ ಎತ್ತಿಕೊಂಡಳು. ನನಗೆ ಕೊಡಲು ಬಂದವಳು ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು, ಕೂಸನ್ನು ಎದೆಗವಚಿಕೊಂಡು. ಕೂಸು ಹಸಿದು ಚೀರುತ್ತಿತ್ತು. ನಾನೇ ಎದ್ದು ಹೋಗಿ, ಅವ್ವನ ಬೆರಳುಗಳನ್ನು ಬಿಡಿಸಿ, ಮಗಳಿಗೆ ಹಾಲೂಡಿಸಿದೆ.