ಕಂಡಕ್ಟರಮ್ಮನ ಗಂಟಲು

ಆ ವ್ಯಾನಿನಲ್ಲಿ ದಿನಾ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು ಅವಳಿಗೆ ಕಂಡಕ್ಟರಮ್ಮ ಎಂದು ಹೆಸರಿಟ್ಟಿದ್ದರು. ಟಿಕೆಟ್ ಹರಿಯುತ್ತಿದ್ದಳು ಎಂದಲ್ಲ. ಡ್ರೈವರನ ಹೆಂಡತಿಯಾದ ಅವಳು ಮುಂದಿನ ಸೀಟಿನಲ್ಲಿ ಕೂತು, ವ್ಯಾನು ಬೀದಿಯಿಂದ ಹೊರಟಾಗಿನಿಂದ ಆಸ್ಪತ್ರೆ, ಬ್ಯಾಂಕುಗಳ ಬಾಗಿಲು ಮುಟ್ಟುವವರೆಗೂ ಬಾಯಿ ಮುಚ್ಚುತ್ತಿರಲಿಲ್ಲ.

"ಆ ಸೈಕಲ್‌ನವನನ್ನ ನೋಡ್ರೀ, ಎಡಗಡೆಯಿಂದ ಹೇಗೆ ನುಗ್ತಿದಾನೆ! ಹಾಂ, ಸಿಗ್ನಲ್ ಕೆಂಪಾಯ್ತು, ಇನ್ನು ನಿಂತ್ಕೊಳ್ಳೋದೇ. ಮುಂದೆ ಉಬ್ಬು ಬಂತು, ನಿಧಾನ, ನಿಧಾನ. ಇಂಜಿನ್ ಬಿಸಿ ಮುಳ್ಳು ಅರ್ಧ ದಾಟ್ತಿದೆ ರೀ, ಸಂಜೆ ನೀರು ನೋಡ್ಬೇಕು."

"ಅಣ್ಣಾ, ನಿಮಗೆ ಲೈಸೆನ್ಸ್ ಕೊಟ್ಟಿದ್ದು ಸರ್ಕಾರನಾ, ಅಕ್ಕನಾ?" ಎಂದು ಹಿಂದಿನ ಸೀಟಿನಿಂದ ನರ್ಸ್ ಕೇಳುತ್ತಿದ್ದಳು.

"ಸರ್ಕಾರದ್ದು ಒಂದೇ ಸಲದ ಪರೀಕ್ಷೆ ಕಣಮ್ಮಾ. ಇವಳದ್ದು ದಿನಾ!"

ವ್ಯಾನೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು, ಆದರೆ ಕಣ್ಣನ್ನು ರಸ್ತೆಯಿಂದ ತೆಗೆಯದೆ. ಗಂಡನಿಗೆ ಉಪದೇಶ ಮಾಡುವ ಹೆಂಡತಿಯನ್ನು ಕಂಡರೆ ಲೋಕಕ್ಕೆ ನಗು ಬರುತ್ತದೆಯೇ ಹೊರತು ಅನುಮಾನ ಬರುವುದಿಲ್ಲ. ಅವಳ ಗಂಡನಿಗೆ ರಸ್ತೆ ಕಾಣುತ್ತಿರಲಿಲ್ಲ. ಅವಳ ಬಾಯಿ ಒಂದು ಗಳಿಗೆ ನಿಂತರೆ ಯಾರದೋ ಜೀವ ಹೋಗುತ್ತದೆ ಎಂಬುದು ಆ ಇಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅವಳಿಗೆ ಅದು ಗೊತ್ತಾದದ್ದು ಹೊಗೆ ತಪಾಸಣೆಯ ಗೂಡಂಗಡಿಯ ಮುಂದೆ. ಆಗ ಅವಳು ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಬೀದಿಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಿಂದಲೇ ಆಗಬೇಕಿತ್ತು. ಅವತ್ತು ಹಲ್ಲು ನೋವೆಂದು ಡಾಕ್ಟರ ಹತ್ತಿರ ಹೊರಟವಳು ವ್ಯಾನಿನಲ್ಲಿ ಕೂತಿದ್ದಳು. ದಾರಿಯಲ್ಲಿ ಹೊಗೆ ಸರ್ಟಿಫಿಕೇಟಿನ ಕೆಲಸವನ್ನೂ ಮುಗಿಸೋಣ ಎಂದು ಗಂಡ ನಿಲ್ಲಿಸಿದ. ತಪಾಸಣೆಯವನು ಸೈಲೆನ್ಸರಿನ ಬಾಯಿಗೆ ತನ್ನ ಯಂತ್ರದ ಪೈಪು ತೂರಿಸಿ, "ಆಕ್ಸಿಲರೇಟರ್ ಒತ್ತಿ ಸಾರ್. ಇಂಜಿನ್ ಸುತ್ತಿನ ಮುಳ್ಳನ್ನ ಎರಡೂವರೆ ಸಾವಿರದ ಹತ್ರ ಹಿಡಿದು ನಿಲ್ಸಿ" ಎಂದ.

ಇಂಜಿನ್ ಕಿರುಚಿತು.

"ಎರಡೂವರೆ ಸಾರ್, ನಾಲ್ಕಲ್ಲ! ಗಾಡಿ ಮೇಲೆ ಏನು ಕೋಪ ನಿಮಗೆ?"

ಗಂಡ ಕಾಲು ಸಡಿಲಿಸಿದ. ಮುಳ್ಳು ಪೂರ್ತಿ ಕೆಳಗೆ ಬಿತ್ತು. ಮತ್ತೆ ಒತ್ತಿದ, ಮತ್ತೆ ಕಿರುಚಾಟ. ಅವಳು ತಿರುಗಿ ಗಂಡನ ಮುಖ ನೋಡಿದಳು. ಅವನ ಕಣ್ಣು ಮುಳ್ಳಿನ ಮೇಲಿರಲಿಲ್ಲ. ಅದರ ಪಕ್ಕಕ್ಕೆ, ಪೆಟ್ರೋಲ್ ಮೀಟರಿನ ಕಡೆಗೆ ಓರೆಯಾಗಿ, ಕಣ್ಣಂಚಿನಿಂದ ಏನನ್ನೋ ತಡಕಾಡುತ್ತಿತ್ತು. ಸೂಜಿಗೆ ದಾರ ಪೋಣಿಸಲಾಗದ ಮುದುಕಿಯರು ಹಾಗೆ ನೋಡುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು.

"ಒಂಚೂರು ಒತ್ತಿ. ಇನ್ನೊಂಚೂರು. ಸಾಕು, ಹಾಗೇ ಹಿಡೀರಿ," ಎಂದಳು ಮೆಲ್ಲಗೆ. ಅವನು ಹಿಡಿದ. ವ್ಯಾನು ಪಾಸಾಯಿತು.

ತಪಾಸಣೆಯವನು ಕಿಟಕಿಯೊಳಗೆ ತಲೆ ಹಾಕಿ, "ಅಂಚಿನಲ್ಲಿ ಪಾಸಾಗಿದೆ ಅಷ್ಟೇ. ಇಂಜಿನ್ ಚಿತ್ರದ ಹಳದಿ ದೀಪ ಉರೀತಿದೆಯಲ್ಲ, ಯಾವಾಗಿನಿಂದ?" ಎಂದ. ಗಂಡ ಬಗ್ಗಿ ಪೆಟ್ರೋಲ್ ಮೀಟರಿನ ಕಡೆ ಹುಡುಕಿದ. "ಉರೀತಾ ಇದ್ರೆ ಬೇಗ ಗ್ಯಾರೇಜಿಗೆ ತೋರ್ಸಿ. ಮಿಣುಕೋಕೆ ಶುರುವಾದ್ರೆ ಓಡಿಸ್ಲೇಬೇಡಿ. ಪೆಟ್ರೋಲು ಸರಿಯಾಗಿ ಸುಡದೆ ಹಾಗೇ ಹೋಗಿ, ಕೆಳಗೆ ಹೊಗೆ ಶುದ್ಧ ಮಾಡೋ ಡಬ್ಬಿ ಕೆಂಡದ ಹಾಗೆ ಕಾಯುತ್ತೆ. ಒಣ ಎಲೆ ಮೇಲೆ ನಿಲ್ಸಿದ್ರೆ ಬೆಂಕಿ ಹತ್ತುತ್ತೆ." ಗಂಡ ತಲೆಯಾಡಿಸಿದ. ಮನಸ್ಸಿನಲ್ಲಿ ಇಟ್ಟುಕೊಂಡವಳು ಅವಳು.

ಹಲ್ಲಿನ ಡಾಕ್ಟರು ಹಾಗೇ ಉಳಿದರು. ಗಂಡನನ್ನು ಬಲವಂತದಿಂದ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ಕೆಡಿಸಿದೆ, ನೇರಕ್ಕೆ ನೋಡುವ ಜಾಗದಲ್ಲೇ ಮಸುಕು, ಇನ್ನು ಗಾಡಿ ಮುಟ್ಟಬೇಡಿ ಎಂದರು ಅವರು. ಹೊರಗೆ ಬಂದವನೇ ಗಂಡ ಅವಳ ಮುಂಗೈ ಹಿಡಿದುಕೊಂಡ. ಅಷ್ಟು ಗಟ್ಟಿಯಾಗಿ ಅವನು ಅವಳ ಕೈ ಹಿಡಿದು ಎಷ್ಟೋ ವರ್ಷಗಳಾಗಿದ್ದವು.

"ಯಾರಿಗೂ ಹೇಳ್ಬೇಡ. ಮಗಳಿಗೂ ಬೇಡ. ನೀನು ಪಕ್ಕದಲ್ಲಿ ಕೂತ್ಕೊಂಡು ಹೇಳ್ತಾ ಬಾ, ಸಾಕು. ರಸ್ತೆ ನನ್ನ ಕಾಲಿಗೆ ಗೊತ್ತಿದೆ."

"ನಾನೇ ಕಲ್ತು ಓಡಿಸ್ತೀನಿ ರೀ."

"ಹ್ಞೂಂ. ನೀನು ಓಡ್ಸು, ನಾನು ಪಕ್ಕದಲ್ಲಿ ಕೂತು ಬಟಾಣಿ ಸುಲೀತೀನಿ."

ಹೊಲಿಗೆ ಯಂತ್ರದ ಮೇಲೆ ಹಳೆಯ ದುಪ್ಪಟಿ ಬಿತ್ತು. ಬೆಳಕು ಹರಿಯುವ ಮೊದಲೇ ಎದ್ದು, ಎರಡು ಹೊತ್ತಿನ ಅಡುಗೆ ಮುಗಿಸಿ, ಪಾತ್ರೆ ತೊಳೆದು, ನೀರು ತುಂಬಿಸಿ, ವ್ಯಾನಿನ ಗಾಜು ಒರೆಸಿ, ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿ, ಟೈರಿಗೆ ಕಾಲಿನಿಂದ ಒದ್ದು ನೋಡಿ ಅವಳು ಮುಂದಿನ ಸೀಟಿಗೆ ಹತ್ತುತ್ತಿದ್ದಳು. ಮಧ್ಯಾಹ್ನ ಅವನು ಮನೆಗೆ ಬಂದು ಮಲಗಿದರೆ ಅವಳಿಗೆ ಬಟ್ಟೆ ಒಗೆಯುವ ಹೊತ್ತು. ಸಂಜೆ ಮತ್ತೆ ವ್ಯಾನು. ಪಕ್ಕದ ಮನೆಯಾಕೆ ರವಿಕೆ ಬಟ್ಟೆ ಹಿಡಿದು ಬಂದು ವಾಪಸು ಹೋಗುವಾಗ, "ಪುಣ್ಯವಂತೆ ಕಣೇ ನೀನು. ಗಂಡ ದುಡೀತಾನೆ, ನೀನು ದಿನಾ ಸವಾರಿ ಹೋಗ್ತೀಯ" ಎಂದಿದ್ದಳು.

ಸವಾರಿಯೆಂದರೆ ಇಷ್ಟು: ಸ್ಟೇರಿಂಗ್ ಹಿಂದಿನ ಮೀಟರುಗಳ ನಡುವೆ ಕೆಂಪು ದೀಪ ಹತ್ತಿದರೆ ಆಗಲೇ ನಿಲ್ಲಬೇಕು, ಹಳದಿಯಾದರೆ ಬೇಗ ಗ್ಯಾರೇಜಿಗೆ ತೋರಿಸಬೇಕು. ಬಿಸಿ ಮುಳ್ಳು ಮೇಲಕ್ಕೆ ಏರಿದರೆ ವ್ಯಾನು ಪಕ್ಕಕ್ಕೆ ಹಾಕಿ ಇಂಜಿನ್ ನಿಲ್ಲಿಸಬೇಕು, ಕಾದಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಮುಂದಿನ ಗಾಡಿಯ ಹಿಂದೀಪ ಉರಿದರೆ ಅವನ ಕಾಲು ಬ್ರೇಕಿಗೆ ಹೋಗುವಷ್ಟು ಮೊದಲೇ ಹೇಳಬೇಕು. ಇದೆಲ್ಲವನ್ನೂ ಹಿಂದೆ ಕೂತವರಿಗೆ ಹರಟೆಯ ಹಾಗೆ, ಗೊಣಗಾಟದ ಹಾಗೆ ಕೇಳಿಸಬೇಕು. ಮನೆ ಸೇರುವಾಗ ಗಂಟಲು ಒಣಗಿ ಕಟ್ಟಿಗೆಯಾಗಿರುತ್ತಿತ್ತು. ಆಮೇಲೆ ಅವಳು ಮಾತೇ ಆಡುತ್ತಿರಲಿಲ್ಲ. "ಹೊರಗೆ ಅಷ್ಟೊಂದು ಮಾತು, ಮನೇಲಿ ಮೂಗಿ" ಎಂದು ಅವನು ಆಡಿಕೊಳ್ಳುತ್ತಿದ್ದ.

ಆದರೂ ಒಂದು ವಿಷಯಕ್ಕೆ ಬಾಯಿ ತೆಗೆಯುತ್ತಿದ್ದಳು.

"ಸಾಕು ಬಿಡ್ರೀ. ವ್ಯಾನು ಕೊಟ್ಬಿಡೋಣ. ನಾನು ಮತ್ತೆ ಹೊಲೀತೀನಿ."

"ಹೆಂಡ್ತಿ ಹೊಲಿದು ಸಾಕ್ತಾಳೆ ಅನ್ನಿಸ್ಕೊಳ್ಳೋದಕ್ಕಿಂತ ನಾನು ಸಾಯೋದು ಮೇಲು."

"ನೀವೊಬ್ರೇ ಸಾಯಲ್ಲ. ಅದೇ ನನ್ನ ಭಯ."

ಅವನು ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದ. ಮಾರನೆಯ ಬೆಳಿಗ್ಗೆ ಅವಳು ಮತ್ತೆ ಮುಂದಿನ ಸೀಟಿಗೆ ಹತ್ತುತ್ತಿದ್ದಳು. ತಾನು ಹತ್ತದಿದ್ದರೂ ಅವನು ಹೊರಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ತಾನು ಇಷ್ಟು ಚೆನ್ನಾಗಿ ಹೇಳಿಕೊಡುವುದರಿಂದಲೇ ಅವನಿಗೆ ಕಣ್ಣಿಲ್ಲದಿದ್ದರೂ ನಡೆಯುತ್ತಿದೆ ಎಂಬುದೂ ಗೊತ್ತಿತ್ತು. ಈ ಎರಡರ ನಡುವೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಮಳೆಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಮೂರನೆಯ ದಿನಕ್ಕೆ ಜ್ವರ ಇಳಿದು ಗಂಟಲು ಕಟ್ಟಿತು. ಬಾಯಿ ತೆಗೆದರೆ ಗಾಳಿ ಮಾತ್ರ.

"ಇವತ್ತು ಬೇಡ," ಎಂದು ಕೈಯಾಡಿಸಿ ತೋರಿಸಿದಳು.

"ಎರಡು ದಿನ ಆಗ್ಲೇ ರಜೆ ಹಾಕಾಯ್ತು. ಇನ್ನೂ ಹಾಕಿದ್ರೆ ಬೇರೆ ವ್ಯಾನು ನೋಡ್ಕೋತಾರೆ. ಮಾತು ಬೇಡ, ತೊಡೆ ಮೇಲೆ ಕೈಯಿಡು. ಒಂದು ತಟ್ಟಿದ್ರೆ ನಿಧಾನ, ಎರಡು ತಟ್ಟಿದ್ರೆ ನಿಲ್ಸು. ಅಷ್ಟೇ ತಾನೇ?"

ನರ್ಸೂ ಬ್ಯಾಂಕಿನವಳೂ ಹತ್ತಿ ಕೂತರು. ವ್ಯಾನಿನಲ್ಲಿ ಸದ್ದಿಲ್ಲ. "ಏನಿದು, ಕಂಡಕ್ಟರಮ್ಮ ಮೌನವ್ರತನಾ?" ಎಂದಳು ನರ್ಸ್. ಡ್ರೈವರ್, "ಗಂಟಲು ಹೋಗಿದೆ. ನನ್ನ ಜೀವನದಲ್ಲಿ ಇಂಥ ಸುಖದ ದಿನ ಬಂದಿರಲಿಲ್ಲ" ಎಂದ. ಎಲ್ಲರೂ ನಕ್ಕರು. ಅವಳ ಅಂಗೈ ಅವನ ತೊಡೆಯ ಮೇಲೆ ಬೆವರುತ್ತಿತ್ತು.

ಮಾರುಕಟ್ಟೆ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಅವನು ವೇಗ ಹೆಚ್ಚಿಸಿದ. ಅವಳು ಒಂದು ತಟ್ಟಿದಳು. ಅವನು ಇಳಿಸಲಿಲ್ಲ. ಹಿಂದಿನವರಿಗೆ ಏನೋ ಹಾಸ್ಯ ಹೇಳುತ್ತಿದ್ದ. ಮುಂದೆ ರಸ್ತೆಯ ಮಧ್ಯದ ಕಟ್ಟೆಯ ಪಕ್ಕ ಕಸ ಗುಡಿಸುವ ಹೆಂಗಸೊಬ್ಬಳು ಬಗ್ಗಿ ನಿಂತಿದ್ದಳು. ಬೆನ್ನು ಇತ್ತ, ಕೈಯಲ್ಲಿ ಪೊರಕೆ. ಕಂಡಕ್ಟರಮ್ಮ ಎರಡು ತಟ್ಟಿದಳು. ಮತ್ತೆ ಎರಡು. ಗಂಡ ನಗುತ್ತಲೇ ಇದ್ದ. ಕೂಗಲು ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಎಳೆದಳು.

ವ್ಯಾನಿನ ಹಿಂಭಾಗ ಅಡ್ಡಕ್ಕೆ ಜಾರಿ, ರಬ್ಬರು ಸುಟ್ಟ ವಾಸನೆ ಎದ್ದು, ಇಂಜಿನ್ ನಿಂತುಹೋಯಿತು. ಬ್ಯಾಂಕಿನವಳ ಹಣೆ ಮುಂದಿನ ಸೀಟಿಗೆ ಬಡಿಯಿತು.

"ಏನಮ್ಮಾ ಇದು! ಓಡೋ ಗಾಡಿಯ ಹ್ಯಾಂಡ್‌ಬ್ರೇಕ್ ಯಾರಾದ್ರೂ ಎಳೀತಾರಾ? ಎಲ್ರನ್ನೂ ಸಾಯಿಸ್ತಿದ್ಯಲ್ಲ!" ಎಂದು ಬ್ಯಾಂಕಿನವಳು ಕೂಗಿದಳು.

"ಜ್ವರದಲ್ಲಿ ತಲೆ ಕೆಟ್ಟಿದೆ ಇವಳಿಗೆ," ಎಂದ ಗಂಡ. "ಏನೂ ಇರ್ಲಿಲ್ಲ ಕಣ್ರಮ್ಮಾ. ಖಾಲಿ ರಸ್ತೆ. ನನ್ನ ಮೇಲಿನ ಕೋಪ ಗಾಡಿ ಮೇಲೆ ತೀರಿಸ್ಕೊಂಡ್ಳು."

ಹೊರಗಿನಿಂದ ಕಸ ಗುಡಿಸುವವಳು ಬೈಯುತ್ತಿದ್ದಳು. ಅವಳ ಪೊರಕೆ ಮುಂದಿನ ಚಕ್ರದ ಕೆಳಗಿತ್ತು. ನರ್ಸ್ ಕಿಟಕಿಯಿಂದ ಬಗ್ಗಿ ನೋಡಿದಳು.

ಕಂಡಕ್ಟರಮ್ಮ ಹಿಂದಕ್ಕೆ ತಿರುಗಿದಳು. ಒಡೆದ ಗಂಟಲಿನಲ್ಲಿ, ಉಸಿರಿನಷ್ಟೇ ಸಣ್ಣಗೆ, ಆದರೆ ಮೂವರಿಗೂ ಕೇಳುವಂತೆ ಹೇಳಿದಳು: "ಅವರಿಗೆ ಕಣ್ಣು ಕಾಣಲ್ಲ. ನಾನು ಹೇಳಿಕೊಡ್ತಿದ್ದೆ. ಇನ್ನು ಹತ್ಬೇಡಿ ಈ ವ್ಯಾನು."

ಬ್ಯಾಂಕಿನವಳಿಗೆ ಡ್ರೈವಿಂಗ್ ಬರುತ್ತಿತ್ತು. ಹಣೆ ಉಜ್ಜಿಕೊಳ್ಳುತ್ತಾ ಇಳಿದು ಬಂದು ಡ್ರೈವರನ ಬಾಗಿಲು ತೆಗೆದಳು. ಅವನು ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದುಕೊಂಡೇ ಇದ್ದ. ಆಮೇಲೆ ಇಳಿದು, ತನ್ನದೇ ವ್ಯಾನಿನ ಹಿಂದಿನ ಸೀಟಿನ ಮೂಲೆಯಲ್ಲಿ, ಹೊಸದಾಗಿ ಹತ್ತಿದ ಗಿರಾಕಿಯ ಹಾಗೆ ಕೈ ಮಡಿಚಿ ಕೂತ.

ಅವತ್ತಿನಿಂದ ಅವನು ಅವಳ ಜೊತೆ ಮಾತು ಬಿಟ್ಟ.

ವ್ಯಾನು ಮಾರಿಹೋಯಿತು. ಅವನ ತಮ್ಮ ಬಂದು ಜಗಲಿಯಲ್ಲಿ ಕೂತು, "ಅತ್ತಿಗೆ, ಗಂಡನ ಮಾನಾನ ನಡುಬೀದೀಲಿ ಹರಾಜು ಹಾಕಿದ್ರಲ್ಲ" ಎಂದ. ಮಗಳು ಕೂಡ ಅಡುಗೆಮನೆಗೆ ಬಂದು, ತಗ್ಗಿದ ದನಿಯಲ್ಲಿ ಕೇಳಿದಳು: "ಮನೆಗೆ ಬಂದು ಹೇಳ್ಬಹುದಿತ್ತಲ್ಲಮ್ಮಾ. ನಾಲ್ಕು ಜನರ ಮುಂದೆ ಯಾಕೆ?"

"ಮನೇಲಿ ಹೇಳಿದ್ದೆ ಕಣೇ. ಮನೇಲಿ ಹೇಳಿದ್ದು ಕೇಳಿಸುತ್ತಾ ಯಾರಿಗಾದ್ರೂ?"

ದುಪ್ಪಟಿ ತೆಗೆದು ಯಂತ್ರಕ್ಕೆ ಎಣ್ಣೆ ಬಿಟ್ಟಳು. ಹೊಲಿದಳು, ಬೇಯಿಸಿದಳು, ಅವನ ಮಾತ್ರೆ ಎಣಿಸಿ ಕೊಟ್ಟಳು, ಕಾಲಿನ ಹುಣ್ಣು ತೊಳೆದಳು. ಅವನು ಕಾಲು ಚಾಚುತ್ತಿದ್ದ, ಮುಖ ಗೋಡೆಯ ಕಡೆಗಿರುತ್ತಿತ್ತು. ನೀರು ಬೇಕಾದರೆ ಲೋಟ ನೆಲಕ್ಕೆ ಕುಟ್ಟುತ್ತಿದ್ದ. ಯಾರಾದರೂ ಬಂದರೆ ನಗುನಗುತ್ತಾ ಹರಟುತ್ತಿದ್ದ, ಖಾಲಿ ರಸ್ತೆಯಲ್ಲಿ ಹೆಂಡತಿ ಹ್ಯಾಂಡ್‌ಬ್ರೇಕ್ ಎಳೆದ ಕತೆ ಹೇಳುತ್ತಿದ್ದ. ಅವಳು ಒಳಗಿನಿಂದ ಚಹಾ ತಂದಿಟ್ಟು ಹೋಗುತ್ತಿದ್ದಳು. ರಸ್ತೆ ಖಾಲಿಯಿರಲಿಲ್ಲ ಎಂದು ಒಮ್ಮೆಯೂ ತಿದ್ದಲಿಲ್ಲ. ಮೊದಮೊದಲು, ಕೋಪ ಇಳಿದ ಮೇಲೆ ತಾನಾಗಿ ಕೇಳುತ್ತಾನೆ, ಆಗ ಹೇಳೋಣ ಎಂದುಕೊಂಡಿದ್ದಳು. ವರ್ಷಗಳು ಹೋದವು.

ಕೊನೆಗೆ ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆ ಸೇರಿದಾಗ ಆ ವಾರ್ಡಿನಲ್ಲಿ ಇದ್ದದ್ದು ಅದೇ ನರ್ಸ್. ಒಂದು ಮಧ್ಯಾಹ್ನ ಕಂಡಕ್ಟರಮ್ಮ ಬಟ್ಟೆ ಒಗೆದು ತರಲು ಮನೆಗೆ ಹೋಗಿದ್ದಳು. ಅವಳು ಹಿಂತಿರುಗುವಷ್ಟರಲ್ಲಿ ಅವನ ಉಸಿರು ನಿಂತು, ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ನರ್ಸ್ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕೈಯಲ್ಲಿದ್ದ ಬಟ್ಟೆಯ ಚೀಲ ತೆಗೆದು ಪಕ್ಕಕ್ಕಿಟ್ಟು, ತಾನೂ ಕೂತಳು.

"ಅಕ್ಕಾ, ನೀವು ಹೋದ ಮೇಲೆ ಅಣ್ಣ ನನ್ನ ಕರೆದ್ರು. 'ಅವತ್ತು ನೀನಿದ್ದೆಯಲ್ಲ, ನಿಜ ಹೇಳು, ಆ ಗುಡಿಸೋಳು ಎಷ್ಟು ದೂರ ಇದ್ಳು?' ಅಂದ್ರು."

"ನೀನು ಏನಂದೆ?"

"ಬಾನೆಟ್ಟಿಗೂ ಅವಳ ಬೆನ್ನಿಗೂ ಮಧ್ಯೆ ಒಂದು ಮೊಳ ಇರ್ಲಿಲ್ಲ ಅಂದೆ. ಸುಳ್ಳು ಹೇಳೋಕೆ ಆಗ್ಲಿಲ್ಲ ಅಕ್ಕಾ."

ಕಾರಿಡಾರಿನಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಅದರ ಚಕ್ರದ ಕಿರುಗುಟ್ಟುವ ಸದ್ದು ದೂರವಾಗುವವರೆಗೂ ಅವಳು ಕಾದಳು.

"ಆಮೇಲೆ ನನ್ನ ಕರೀ ಅಂದ್ರಾ?"

ನರ್ಸ್ ಅವಳ ಮುಖ ನೋಡಿದಳು. ಒಂದು ಗಳಿಗೆ ಬೇರೇನೋ ಹೇಳಬೇಕು ಎಂದುಕೊಂಡವಳಂತೆ ಕಂಡಳು.

"ಇಲ್ಲ ಅಕ್ಕಾ. ಮುಖ ಗೋಡೆ ಕಡೆ ತಿರುಗಿಸ್ಕೊಂಡ್ರು."

ಅವಳು ತಲೆಯಾಡಿಸಿದಳು. ಚೀಲದಿಂದ ಒಗೆದ ಪಂಚೆಯನ್ನು ತೆಗೆದು, ಮಡಿಕೆ ಸರಿಯಿದ್ದರೂ ಬಿಚ್ಚಿ, ತೊಡೆಯ ಮೇಲೆ ಹರಡಿ, ಮತ್ತೆ ಮಡಿಚತೊಡಗಿದಳು.